ಶುಕ್ರವಾರದ ಮೊದಲ ಚೀಲ

ಪಂಪು ಶುರುವಾದ ಐದನೆಯ ತಿಂಗಳಿಗೆ ಗಣಿಯ ನೀರು ಮೂರನೆಯ ಅಂತಸ್ತಿನಿಂದ ಕೆಳಕ್ಕೆ ಇಳಿಯಿತು. ಏಣಿಯ ಕೊನೆಯ ಮೆಟ್ಟಿಲಿನಿಂದ ನಾನು ಕಾಲಿಟ್ಟಾಗ ಕೆಸರು ಮೊಣಕಾಲಿನವರೆಗೆ ನುಂಗಿತು. ಐವತ್ತು ವರ್ಷಕ್ಕೂ ಮೇಲೆ ನೀರಿನಲ್ಲಿ ಮುಳುಗಿದ್ದ ಸುರಂಗ ಅದು. ಬಿಳಿಯರು ನಿಲ್ಲಿಸಿ ಹೋದ ಮರದ ಕಂಬಗಳು ಹಾಗೇ ನಿಂತಿದ್ದವು. ಮುಟ್ಟಿದರೆ ಮಾತ್ರ ಕೊಳೆತ ಹುಣಸೆಹಣ್ಣಿನಂತೆ ಬೆರಳಿಗೆ ಮೆತ್ತಿಕೊಳ್ಳುತ್ತಿದ್ದವು. ಖುಷಿಗೆ ನಾನೊಂದು ಕೂಗು ಹಾಕಿದೆ. ಪಂಪಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಕಲ್ಯಾಣದುರ್ಗದಿಂದ ಪೆನುಕೊಂಡದ ಕಡೆಗೆ ಬಂದರೆ ಸಿಗುವ ಗುಡ್ಡದ ಸಾಲಿನಲ್ಲಿ ಈ ಗಣಿ. ಬಿಳಿಯರ ಕಂಪನಿಯೊಂದು ಇಲ್ಲಿ ಬಂಗಾರ ತೆಗೆದು, ಒಂದು ದಿನ ಪಂಪು ನಿಲ್ಲಿಸಿ ಎದ್ದು ಹೋಗಿತ್ತು. ಒಳಗೆ ಇನ್ನೇನಾದರೂ ಉಳಿದಿದೆಯೇ ಎಂದು ನೋಡಿ ಹೇಳುವುದು ಭೂವಿಜ್ಞಾನಿಯಾಗಿ ನನ್ನ ಕೆಲಸ. ಇದೆ ಎಂದರೆ ಪಂಪನ್ನು ಇನ್ನೂ ಎರಡು ಅಂತಸ್ತು ಕೆಳಗಿಳಿಸಿ ಗಣಿ ತೆರೆಯುತ್ತಾರೆ. ಇಲ್ಲ ಎಂದರೆ ಪಂಪು ಲಾರಿ ಹತ್ತುತ್ತದೆ, ನಾನೂ ಹತ್ತುತ್ತೇನೆ.

ಗುಡ್ಡದ ಕಥೆ ಇಷ್ಟು. ಸುತ್ತ ಗಟ್ಟಿ ಬಿಳಿಗಲ್ಲು, ನಡುವೆ ಉದ್ದಕ್ಕೆ ಹಸಿರು ಪದರಗಲ್ಲಿನ ಒಂದು ಪಟ್ಟಿ. ಎಣಿಸಲಾಗದಷ್ಟು ಹಿಂದೆ ಆ ಹಸಿರುಕಲ್ಲು ಬಿರುಕು ಬಿಟ್ಟು, ಆಳದಿಂದ ಬಿಸಿನೀರು ನುಗ್ಗಿ, ತಣ್ಣಗಾಗುತ್ತ ಬೆಣಚುಕಲ್ಲನ್ನೂ ಅದರೊಳಗೆ ಬಂಗಾರವನ್ನೂ ಬಿಟ್ಟು ಹೋಗಿತ್ತು. ಬೆಣಚಿನ ಪಟ್ಟೆ ಎಲ್ಲ ಕಡೆಯೂ ಇದೆ, ಬಂಗಾರ ಎಲ್ಲ ಕಡೆಯೂ ಇಲ್ಲ. ಅದು ಪಟ್ಟೆಯೊಳಗೇ ಒಂದು ಓರೆ ದಾರಿ ಹಿಡಿದು ಉತ್ತರಕ್ಕೆ ಇಳಿಯುತ್ತದೆ. ಬಿಳಿಯರು ಆ ದಾರಿಯನ್ನು ಮೂರನೆಯ ಅಂತಸ್ತಿನವರೆಗೆ ಹಿಂಬಾಲಿಸಿದ್ದರು. ಅಲ್ಲಿ ನೆಲ ಮುರಿದು ಪಕ್ಕಕ್ಕೆ ಜರುಗಿದೆ, ದಾರಿ ತಪ್ಪಿದೆ. ಅದನ್ನು ಹುಡುಕುತ್ತ ಅವರು ಐದನೆಯ ಅಂತಸ್ತಿನವರೆಗೂ ಇಳಿದಿದ್ದರು. ಆ ಮುರಿತದಾಚೆ ಬಂಗಾರ ಮುಂದುವರಿದಿದೆ ಎಂದು ನಾನು ಹಟ ಹಿಡಿದಿದ್ದೆ. ಅದಕ್ಕೆ ಆಧಾರ ಕೇಳಿದರೆ ಕೋಪ ಬರುತ್ತಿತ್ತು.

ಸಂಜೆ ನಾಲ್ಕಕ್ಕೆ ಕೆಲಸದವರೆಲ್ಲ ಮೇಲೆ ಬಂದು, ಕೈಕಾಲು ತೊಳೆದು, ಕಡಲೆಕಾಯಿ ಹೊಲಗಳ ನಡುವಿನ ಕಾಲುದಾರಿ ಹಿಡಿದು ಊರಿಗೆ ಹೋಗಿಬಿಡುತ್ತಿದ್ದರು. ಬಿಳಿಯರ ಬಂಗಲೆಯಲ್ಲಿ ಸೂರು ಉಳಿದಿದ್ದ ಒಂದೇ ಕೋಣೆ ನನ್ನದು. ಹೆಂಡತಿ ಹಿಂದೂಪುರದ ಶಾಲೆಯಲ್ಲಿ ಟೀಚರು, ತಿಂಗಳಿಗೊಮ್ಮೆ ಮುಖ ನೋಡಿದರೆ ಹೆಚ್ಚು. ಕೆಲಸದವರ ಹತ್ತಿರ ತೆಲುಗು, ರಿಪೋರ್ಟಿಗೆ ಇಂಗ್ಲಿಷು, ಬೈಯುವುದಕ್ಕೆ ಕನ್ನಡ. ಹೀಗೆ ದಿನಕ್ಕೆ ಮೂರು ಭಾಷೆ ಬಳಸಿದರೂ ಸಂಜೆಯಾದರೆ ಯಾರೊಂದಿಗೂ ಮಾತೇ ಆಡಿಲ್ಲ ಅನ್ನಿಸುತ್ತಿತ್ತು. ಒಂಟಿತನ ಅಭ್ಯಾಸವಾಗುತ್ತದೆ ಎನ್ನುವವರು ಒಂಟಿಯಾಗಿ ಇದ್ದವರಲ್ಲ.

ಅಜ್ಜಿ ಕೆಲಸ ಕೇಳಿಕೊಂಡು ಬಂದದ್ದು ಅದೇ ದಿನಗಳಲ್ಲಿ. ಅರವತ್ತು ದಾಟಿದ ಹೆಂಗಸು, ಕಂಕುಳಲ್ಲಿ ದೋಣಿಯ ಆಕಾರದ ಮರದ ಮರಿಗೆ. ಅವಳ ಮನೆಯವರು ತಲೆತಲಾಂತರದಿಂದ ಹಳ್ಳದ ಮರಳು ತೊಳೆದು ಬಂಗಾರದ ಪುಡಿ ತೆಗೆಯುವವರು. ಗುಡ್ಡದ ಬುಡದಲ್ಲಿ ಗಣಿಯ ಅಡ್ಡ ಸುರಂಗವೊಂದು ಬಾಯಿ ತೆರೆಯುತ್ತದೆ. ಅಲ್ಲಿಂದ ಹರಿದುಬರುವ ನೀರೇ ಅವಳ ವಂಕ, ಅಂದರೆ ಹಳ್ಳ. ನಾನು ನೀರನ್ನು ಮೇಲೆತ್ತಿ ಗುಡ್ಡದ ಆಚೆಬದಿಯ ಕೆರೆಗೆ ಬಿಡತೊಡಗಿದ ಮೇಲೆ ಸುರಂಗದ ಬಾಯಿ ಒಣಗಿತ್ತು.

"ನಿನ್ನ ಪಂಪಿಂದ ನಮ್ ವಂಕ ಬತ್ತೋಯ್ತು ಕಣಪ್ಪ," ಎಂದಳು ನೇರವಾಗಿ, ಕನ್ನಡದಲ್ಲೇ. "ಈಗ ನಾನು ಮರಿಗೆ ತೊಳಿಯೋದೆಲ್ಲಿ? ನೀನೇ ಏನಾರ ಕೆಲ್ಸ ಕೊಡು."

ಹೆಂಗಸರನ್ನು ಗಣಿಯೊಳಗೆ ಇಳಿಸುವಂತಿಲ್ಲ ಎಂದು ಕಾನೂನು. ಅದಕ್ಕೇ ಕಲ್ಲು ಕುಟ್ಟುವ ಕೆಲಸ ಕೊಟ್ಟೆ. ಒಳಗೆ ಮೀಟರಿಗೊಂದರಂತೆ ಪಟ್ಟೆಗೆ ಅಡ್ಡಲಾಗಿ ನಾನು ಸುಣ್ಣದ ಗೆರೆ ಎಳೆಯುತ್ತಿದ್ದೆ. ಇಬ್ಬರು ಆಳುಗಳು ಆ ಗೆರೆಯ ಉದ್ದಕ್ಕೂ ಅಂಗೈ ಅಗಲದ ಕಾಲುವೆ ಕೊರೆದು, ಬಿದ್ದ ಚೂರನ್ನೆಲ್ಲ ಕ್ಯಾನ್ವಾಸಿನ ಮೇಲೆ ಹಿಡಿದು ಚೀಲಕ್ಕೆ ತುಂಬುತ್ತಿದ್ದರು. ಮೆತ್ತನೆಯ ಕಲ್ಲು ಹೆಚ್ಚು, ಗಟ್ಟಿ ಕಲ್ಲು ಕಡಿಮೆ ಬಿದ್ದರೆ ಲೆಕ್ಕ ಕೆಡುತ್ತದೆ. ಅದಕ್ಕಾಗಿ ನಾನು ಅವರ ತಲೆಯ ಮೇಲೇ ನಿಂತಿರುತ್ತಿದ್ದೆ. ಮೇಲೆ ಅಜ್ಜಿ ಆ ಚೂರನ್ನು ಕಬ್ಬಿಣದ ಒರಳಿನಲ್ಲಿ ಕುಟ್ಟಿ, ಜರಡಿ ಹಿಡಿದು, ರಾಶಿ ಮಾಡಿ, ನಾಲ್ಕು ಪಾಲು ಮಾಡುವಳು. ಒಂದು ಪಾಲಿನಿಂದ ಚಿಕ್ಕ ಪೊಟ್ಟಣ ಲ್ಯಾಬಿಗೆ, ಉಳಿದದ್ದು ನಂಬರು ಸಮೇತ ಶೆಡ್ಡಿಗೆ. ನಾಲ್ಕು ದಿನದಲ್ಲಿ ಅವಳು ನನಗಿಂತ ಚೊಕ್ಕವಾಗಿ ಮಾಡತೊಡಗಿದಳು.

ಶುಕ್ರವಾರ ಮಾತ್ರ ಕುಟ್ಟುವ ಮುಂಚೆ ಒರಳಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಬೇಕು ಎಂದಳು. ಮೊದಲನೆಯ ಶುಕ್ರವಾರ ಕಾಯಿ ಒಡೆದವನು ನಾನೇ. ಕೈಮುಗಿದು ಕಣ್ಣು ಮುಚ್ಚಿ ನಿಂತೆ. ಕಣ್ಣು ಮುಚ್ಚಿದ್ದಷ್ಟು ಹೊತ್ತು ಒರಳಿನಲ್ಲಿ ಏನಾಯಿತೆಂದು ನೋಡಲಿಲ್ಲ.

ಲ್ಯಾಬಿನ ಕಾಗದಗಳು ಬರತೊಡಗಿದವು. ಹೆಚ್ಚಿನ ನಂಬರುಗಳ ಮುಂದೆ ಸೊನ್ನೆಯ ನೆರೆಹೊರೆಯ ಅಂಕಿಗಳು. ನಡುನಡುವೆ ಮಾತ್ರ ಒಂದೊಂದು ಅಂಕಿ ಎದ್ದು ಕುಣಿಯುವಂತಿತ್ತು. ಮುರಿತದಾಚೆಯೂ ಅಂಥವು ನಾಲ್ಕು! ಸುರಂಗದ ಉದ್ದದ ನಕ್ಷೆಯ ಮೇಲೆ ಅವನ್ನೆಲ್ಲ ಕೆಂಪು ಚುಕ್ಕೆ ಮಾಡಿ, ಚುಕ್ಕೆಗಳ ಸುತ್ತ ಪೆನ್ಸಿಲಿನಿಂದ ಉತ್ತರಕ್ಕಿಳಿಯುವ ಒಂದು ಓರೆ ದಾರಿ ಬರೆದೆ. ಎಷ್ಟು ಚೆಂದ ಕೂತಿತು ಅಂತೀರಿ! ನಡುವಿನ ಬಡ ಅಂಕಿಗಳನ್ನು 'ಬಂಗಾರ ಒಂದೇ ಸಮ ಇರುವುದಿಲ್ಲ' ಎಂಬ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟೆ. ನಕ್ಷೆ ನೋಡಿದ ನಮ್ಮ ದೊಡ್ಡ ಸಾಹೇಬರು ಕಾಗದ ಬರೆದರು. ಪಂಪನ್ನು ಐದನೆಯ ಅಂತಸ್ತಿಗೆ ಇಳಿಸುವ ಪ್ರಸ್ತಾವ ಮುಂದಿನ ತಿಂಗಳ ಸಭೆಗೆ ಹೋಗುತ್ತದೆ, ಅದಕ್ಕೆ ಮುಂಚೆ ಎದ್ದು ಕಾಣುವ ಒಂದು ಜಾಗ ಮತ್ತೆ ಕೊರೆದು ಖಾತ್ರಿ ಮಾಡಿ ಕಳಿಸು ಎಂದಿದ್ದರು.

ಎಲ್ಲಕ್ಕಿಂತ ಜೋರಾದ ಚುಕ್ಕೆಯನ್ನೇ ಆರಿಸಿ, ಹಳೆಯ ಕಾಲುವೆಯ ಮಗ್ಗುಲಲ್ಲೇ ಹೊಸ ಕಾಲುವೆ ಕೊರೆಸಿದೆ. ಏನೂ ಬರಲಿಲ್ಲ. ಎರಡನೆಯ ಚುಕ್ಕೆ ಕೊರೆಸಿದೆ. ಅದೂ ಖಾಲಿ.

ಮೊದಲು ಅನುಮಾನ ಬಂದದ್ದು ಪಂಪಿನ ಮೇಸ್ತ್ರಿಯ ಮೇಲೆ. ಬೆಳುಗುಪ್ಪದವನು, ಪಂಪು ನಡೆದಷ್ಟು ದಿನ ಅವನಿಗೆ ಕೆಲಸ. ಸೀದಾ ಹೋಗಿ ಅವನ ಕಾಲರು ಹಿಡಿದೆ. "ಚೀಲಕ್ಕೆ ಏನು ಬೆರೆಸಿದೆಯೋ?"

"ಅಮ್ಮತೋಡು ಸಾರ್, ನಾಕೇಂ ತೆಲೀದು!" ಎಂದು ಅವನು ಬೆಚ್ಚಿಬಿದ್ದು, ತನಗೇನೂ ಗೊತ್ತಿಲ್ಲವೆಂದು ತಾಯಾಣೆ ಹಾಕಿದ. ಆಮೇಲೆ ಕಾಲರು ಸರಿಮಾಡಿಕೊಳ್ಳುತ್ತ, "ಬಂಗಾರ ಬೆರೆಸೋವಷ್ಟು ಇದ್ದಿದ್ರೆ ನಾನ್ಯಾಕ್ ಸಾರ್ ಇಲ್ಲಿ ಗ್ರೀಸ್ ಹಚ್ಕೊಂಡ್ ಕೂತಿರ್ತಿದ್ದೆ?" ಎಂದ. ಅದು ನಿಜವೇ ಆಗಿತ್ತು. ನಾನು ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ, ತಲೆ ತಗ್ಗಿಸಿಕೊಂಡು ಬಂದುಬಿಟ್ಟೆ.

ಶೆಡ್ಡಿನಲ್ಲಿ ಕೂತು ರಿಜಿಸ್ಟರು ಬಿಚ್ಚಿದೆ. ಈವರೆಗೆ ಅಂಕಿಗಳನ್ನು ಸುರಂಗದಲ್ಲಿ ಎಲ್ಲೆಲ್ಲಿ ಕೊರೆದದ್ದೋ ಆ ಕ್ರಮದಲ್ಲಿ ನೋಡಿದ್ದೆ. ಆ ದಿನ, ಕುಟ್ಟಿದ ಕ್ರಮದಲ್ಲಿ ಓದಿದೆ. ಒಂದು ನಂಬರು ಜೋರು, ಮುಂದಿನದು ಅದರ ಅರ್ಧಕ್ಕಿಂತ ಕಡಿಮೆ, ಮೂರನೆಯದು ಚೂರು, ಆಮೇಲೆ ಬರೀ ಕಲ್ಲು. ಮತ್ತೆ ಒಂದು ಜೋರು, ಒಂದು ಕಡಿಮೆ, ಒಂದು ಚೂರು. ಒರಳಿನ ತಳದಲ್ಲಿ ಉಳಿದದ್ದು ಮುಂದಿನ ಚೀಲಕ್ಕೆ ಅಂಟಿ ಅಂಟಿ ಮುಗಿಯುವ ರೀತಿ ಅದು. ಎದುರಿನ ತಾರೀಖು ನೋಡಿದರೆ ಪ್ರತಿ ಜೋರು ನಂಬರೂ ಶುಕ್ರವಾರದ ಮೊದಲ ಚೀಲ. ಹನ್ನೊಂದಕ್ಕೆ ಹನ್ನೊಂದೂ. ಯಾವ ಕಲ್ಲಿಗೆ ವಾರ ಗೊತ್ತಿರುತ್ತದೆ ಹೇಳಿ!

ನಡುನಡುವೆ ಬಂಗಾರವೇ ಇಲ್ಲದ ಬೋಳು ಕಲ್ಲನ್ನು ಕುಟ್ಟಿ ಲ್ಯಾಬಿಗೆ ಕಳಿಸಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಅದಕ್ಕೆ ಅಂಕಿ ಬಂದರೆ ಒರಳು ಸುಳ್ಳು ಹೇಳುತ್ತಿದೆ ಎಂದರ್ಥ. ಅವಸರಕ್ಕೆ, ಆಸೆಗೆ, ನಾನು ಆ ಪಾಠ ಬಿಟ್ಟಿದ್ದೆ.

ಒಂದು ಶುಕ್ರವಾರದ ಚೀಲದ ಉಳಿಕೆಯನ್ನು ಅಜ್ಜಿಯ ಮುಂದೆ ಇಟ್ಟು, ಮರಿಗೆಯಲ್ಲಿ ತೊಳೆ ಎಂದೆ. ಅವಳು ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ನೀರು ಹಾಕಿ, ಮರಿಗೆಯನ್ನು ಮಗು ತೂಗುವ ಹಾಗೆ ತೂಗಿ, ಕಲ್ಲುಪುಡಿಯನ್ನೆಲ್ಲ ಅಂಚಿನಿಂದ ಹೊರಗೆ ಕಳಿಸಿದಳು. ಕೊನೆಗೆ ಕಪ್ಪು ಮರಳಿನ ತುದಿಯಲ್ಲಿ ಹಳದಿ ಗೆರೆ ಮೂಡಿತು. ಭೂತಗನ್ನಡಿ ಹಿಡಿದೆ. ಗಣಿಯ ಕಲ್ಲೊಳಗಿನ ಬಂಗಾರ ಮುಳ್ಳುಮುಳ್ಳಾಗಿರುತ್ತದೆ. ಇಲ್ಲಿದ್ದವು ಅಂಚು ಸವೆದ ನುಣುಪಾದ ರೇಕುಗಳು. ನೀರಿನಲ್ಲಿ ಉರುಳಿ ಬಂದ ಬಂಗಾರ, ವಂಕದ್ದು.

"ಯಾರಜ್ಜಿ ಹಾಕಿದ್ದು?"

"ನಾನೇ ಕಣಪ್ಪ," ಎಂದಳು, ಅಷ್ಟೇ ಸಹಜವಾಗಿ. "ಖಾಲಿ ಮರಿಗೆ ತೊಳೀಬಾರ್ದು ಅಂತ ನಮ್ಮಲ್ಲಿ. ಒಂಚೂರು ಬಂಗಾರ ಇಟ್ಟೇ ಶುರು ಮಾಡಾದು. ಇಲ್ದಿದ್ರೆ ಅಮ್ಮನೋರು ಮುಖ ತಿರುಗಿಸ್ಬುಡ್ತಾಳೆ. ಒಳ್ಳೂ ಮರಿಗೆ ಇದ್ದಂಗೇ ಅಲ್ವಾ?"

ಸೀರೆಯ ಮಡಿಲಿನಿಂದ ಹದ್ದಿನ ಗರಿಯ ಬುಡವೊಂದನ್ನು ತೆಗೆದು ನನ್ನ ಕೈಗಿಟ್ಟಳು. ಪೊಳ್ಳು ಕೊಳವೆ, ಬಾಯಿಗೆ ಮೇಣ. ವರ್ಷಗಟ್ಟಲೆ ತೊಳೆದ ಪುಡಿಯನ್ನು ಅದರಲ್ಲಿ ತುಂಬಿಟ್ಟಿದ್ದಳಂತೆ. ಈಗ ಅದು ತಳ ಕಂಡಿತ್ತು.

ನನಗೆ ತಲೆ ಕೆಟ್ಟುಹೋಯಿತು. "ನಿನ್ನ ಮನೆ ಹಾಳಾಗ, ನನ್ನ ಕೆಲಸಾನೇ ಹಾಳು ಮಾಡ್ಬುಟ್ಯಲ್ಲ! ಒಂಚೂರು ಅಂದ್ಯಲ್ಲ, ಇಷ್ಟೊಂದು ಯಾಕೆ ಹಾಕ್ದೆ?" ಎಂದು ಕೂಗಾಡಿದೆ. ಪಂಪಿನ ಮೇಸ್ತ್ರಿ ದೂರದಿಂದ ನೋಡುತ್ತಿದ್ದ.

ಅವಳು ಮರಿಗೆಯನ್ನು ಪಕ್ಕಕ್ಕಿಟ್ಟಳು. "ಜಾಸ್ತಿನೇ ಹಾಕ್ದೆ, ಸುಳ್ಳು ಯಾಕೆ ಹೇಳ್ಲಿ? ಪಂಪು ನಿಲ್ಬಾರ್ದು ಅಂತ ಅಮ್ಮನ್ನ ಬೇಡ್ಕೊಂಡೆ. ಅಯ್ದನೇ ಲೆವೆಲ್ಲಾಗೆ ನಮ್ಮಪ್ಪ ಅವ್ನೆ."

ಅವಳಿಗೆ ಆಗ ಆರೇಳು ವರ್ಷ. ಅಪ್ಪ ಐದನೆಯ ಅಂತಸ್ತಿನಲ್ಲಿ ಕಲ್ಲು ಕೊರೆಯುತ್ತಿದ್ದ. ಒಂದು ಮಧ್ಯಾಹ್ನ ಗೋಡೆ ಒಡೆದು ನೀರು ನುಗ್ಗಿತು. ಮೇಲೆ ಬಂದವರಲ್ಲಿ ಅವನಿರಲಿಲ್ಲ. ಸ್ವಲ್ಪ ದಿನಕ್ಕೆ ಕಂಪನಿ ಪಂಪು ನಿಲ್ಲಿಸಿತು. "ನಮ್ಮವ್ವ ಸಾಯೋಗಂಟ ಕುಂಕುಮ ಅಳಿಸ್ಲಿಲ್ಲ. ಹೆಣ ನೋಡ್ದೆ ಹೆಂಗೆ ಅಳಿಸ್ಲಿ ಅನ್ನೋಳು. ಒಂದು ಮೂಳೆ ಸಿಕ್ರೆ ಸಾಕಿತ್ತು ಕಣಪ್ಪ, ಮಣ್ಣು ಮಾಡ್ಬುಟ್ಟು ನಾನೂ ಹೋಯ್ತೀನಿ."

ನನ್ನ ಕೋಪ ಎಲ್ಲಿ ಹೋಯಿತೋ. ಆ ಗರಿಯ ಬುಡವನ್ನು ಅವಳ ಕೈಗೆ ವಾಪಸು ಇಟ್ಟು, ಕೋಣೆಗೆ ಬಂದುಬಿಟ್ಟೆ.

ಸಭೆಗೆ ಇನ್ನೂ ಮೂರು ದಿನ ಇತ್ತು. ನಾನು ಬಾಯಿ ಬಿಡದಿದ್ದರೆ ಸಾಕು. ಪಂಪು ಕೆಳಗಿಳಿಯುತ್ತದೆ, ಅವಳಿಗೆ ಅಪ್ಪನ ಮೂಳೆ, ಮೇಸ್ತ್ರಿಗೆ ಕೆಲಸ. ಯಾರಿಗೆ ಗೊತ್ತು, ನಾಲ್ಕನೆಯ ಅಂತಸ್ತಿನಲ್ಲಿ ನನ್ನ ಹಟವೇ ನಿಜವಾದರೂ ಆಗಬಹುದು. ಕೇಳಲು ಒಬ್ಬರೂ ಇರಲಿಲ್ಲ. ಹೆಂಡತಿಗೆ ಕಾಗದ ಬರೆದರೆ ಅದು ಹಿಂದೂಪುರ ಮುಟ್ಟುವುದರೊಳಗೆ ಸಭೆ ಮುಗಿದಿರುತ್ತದೆ. ಇಂಥ ಹೊತ್ತಿನಲ್ಲಿ ಎದುರಿಗೆ ಒಬ್ಬ ಮನುಷ್ಯ ಕೂತು 'ಹೂಂ' ಅಂದಿದ್ದರೂ ಸಾಕಿತ್ತು.

ಮರುದಿನ ಬೆಳಿಗ್ಗೆ ಬಿಳಿಯರ ಹಳೆಯ ಬಟ್ಟೆಯ ನಕ್ಷೆಯನ್ನು ಹರಡಿಕೊಂಡು ಕೂತೆ. ಬಿಳಿಯರಿಗಿಂತ ಎಷ್ಟೋ ಮುಂಚೆ ಈ ಗುಡ್ಡದಲ್ಲಿ ಯಾರೋ ಬೆಂಕಿಯಲ್ಲಿ ಕಲ್ಲು ಕಾಯಿಸಿ ಒಡೆದು ಬಂಗಾರ ತೆಗೆದಿದ್ದರು. ಅವರ ಆಳದ ಗುಂಡಿಗಳಲ್ಲಿ ನೀರು ನಿಂತಿರುತ್ತದೆ, ಅವುಗಳ ಹತ್ತಿರ ಸುಳಿಯಬಾರದು. ನಕ್ಷೆಯಲ್ಲಿ ಆ ಗುಂಡಿಗಳು ಐದನೆಯ ಅಂತಸ್ತಿನಿಂದ ಬಹಳ ದೂರದಲ್ಲಿದ್ದವು. ಆದರೆ ಮೂರನೆಯ ಅಂತಸ್ತಿನಲ್ಲಿ ನಾನೇ ಟೇಪು ಹಿಡಿದು ಅಳೆದಿದ್ದೆ, ಅವು ನಕ್ಷೆ ಹೇಳಿದ್ದಕ್ಕಿಂತ ತೀರಾ ಒತ್ತಿನಲ್ಲಿದ್ದವು. ಯಾರೋ ಅಳೆಯದೇ ಬರೆದಿದ್ದ. ಇಷ್ಟು ದೂರ ಇರಬಹುದು ಎಂದುಕೊಂಡು, ಚೆಂದವಾಗಿ ಶಾಯಿಯಲ್ಲಿ ಒಂದು ಗೆರೆ ಎಳೆದುಬಿಟ್ಟಿದ್ದ. ಆ ಗೆರೆಯನ್ನು ನಂಬಿ ಕೊರೆದವರಲ್ಲಿ ಅಜ್ಜಿಯ ಅಪ್ಪನೂ ಒಬ್ಬ.

ಪಕ್ಕದಲ್ಲೇ ನನ್ನ ನಕ್ಷೆ ಇತ್ತು, ನನ್ನ ಪೆನ್ಸಿಲಿನ ಓರೆ ದಾರಿಯ ಸಮೇತ. ಅದೂ ಚೆಂದವಾಗಿಯೇ ಇತ್ತು. ನಾಳೆ ಅದನ್ನು ನಂಬಿ ಎಷ್ಟು ಜನ ಇಳಿಯುತ್ತಾರೋ. ರಬ್ಬರು ತೆಗೆದುಕೊಂಡು ಗೆರೆ ಅಳಿಸಿದೆ.

ಹನ್ನೊಂದರ ಬಸ್ಸಿಗೆ ಕಲ್ಯಾಣದುರ್ಗಕ್ಕೆ ಹೋಗಿ ಪೋಸ್ಟ್ ಆಫೀಸಿನಲ್ಲಿ ಟ್ರಂಕ್ ಕಾಲ್‌ಗೆ ಕಾದು ಕೂತೆ. ಲೈನು ಸಿಕ್ಕಾಗ ದೊಡ್ಡ ಸಾಹೇಬರು ಪೂರ್ತಿ ಕೇಳಿಸಿಕೊಂಡು, "ಬೆರೆಸಿದ್ದು ಯಾರು? ಹೆಸರು ಕೊಡು, ಪೊಲೀಸಿಗೆ ಬರೆಯೋಣ," ಎಂದರು.

"ಒರಳು ಶುದ್ಧ ಇರಲಿಲ್ಲ ಸಾರ್. ಬೋಳು ಕಲ್ಲು ಕುಟ್ಟಿ ಪರೀಕ್ಷೆ ಮಾಡಬೇಕಾದವನು ನಾನು, ಮಾಡಲಿಲ್ಲ. ನನ್ನ ಹೆಸರೇ ಬರ್ಕೊಳ್ಳಿ."

"ನಿನ್ನಂಥ ಪೆದ್ದನ್ನ ನಾನು ನೋಡಿಲ್ಲ," ಎಂದು ಫೋನು ಇಟ್ಟರು. ಬರೆದುಕೊಂಡರು ಕೂಡ. ಆ ಬರಹ ನನ್ನ ಫೈಲಿನಲ್ಲಿ ಬಹಳ ವರ್ಷ ಇತ್ತು.

ಒರಳನ್ನು ಕೆಂಡದಲ್ಲಿ ಕಾಯಿಸಿ, ಉಜ್ಜಿ, ಬೋಳು ಕಲ್ಲು ಕುಟ್ಟಿ ತೊಳೆದು, ಕೆಂಪು ಚುಕ್ಕೆಯ ಉಳಿದ ಜಾಗಗಳನ್ನೂ ಮತ್ತೆ ಕೊರೆಸಿ ನಾನೇ ಕುಟ್ಟಿದೆ. ಲ್ಯಾಬಿನ ಕಾಗದ ಬಂತು. ಎಲ್ಲೂ ಏನೂ ಇರಲಿಲ್ಲ. ಪಂಪು ಎತ್ತಲು ಆಜ್ಞೆಯೂ ಅದರ ಹಿಂದೆಯೇ ಬಂತು.

ಶೆಡ್ಡಿನಲ್ಲಿದ್ದ ಶುಕ್ರವಾರದ ಚೀಲಗಳನ್ನೆಲ್ಲ ನಾನೂ ಅಜ್ಜಿಯೂ ಮೂರು ದಿನ ಕೂತು ತೊಳೆದೆವು. ನಿಯಮದ ಪ್ರಕಾರ ಚೀಲದೊಳಗಿನದೆಲ್ಲ ಆಫೀಸಿನದು. ಆ ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಲ್ಯಾಬಿಗೆ ಹೋದ ಚೂರು ಬಿಟ್ಟರೆ ಅವಳ ಪುಡಿ ಹೆಚ್ಚುಕಡಿಮೆ ಎಲ್ಲ ಗರಿಯ ಬುಡಕ್ಕೆ ವಾಪಸು ಬಂತು. ಐದನೆಯ ಅಂತಸ್ತು ಇನ್ನು ಬತ್ತುವುದಿಲ್ಲ ಎಂದು ಅವಳಿಗೆ ಆಗಲೇ ಹೇಳಿದೆ. ಅವಳು ಮರಿಗೆ ತೂಗುವುದನ್ನು ನಿಲ್ಲಿಸಲಿಲ್ಲ.

"ಇದು ಮೊಮ್ಮಗಳ ಮೂಗ್ಬಟ್ಟಿಗೆ," ಎಂದು ಮೇಣ ಒತ್ತಿದಳು. ಮರಿಗೆಯಲ್ಲಿ ಒಂದು ರೇಕು ಮಾತ್ರ ಬಿಟ್ಟಿದ್ದಳು. ಅದನ್ನು ಎಲೆಯಲ್ಲಿ ಮಡಿಸಿ ನನ್ನ ಕೈಗಿಟ್ಟಳು. "ನನ್ನಂತೂ ಒಳೀಕೆ ಬಿಡಾಕಿಲ್ಲ. ನೀನು ಕೊನೇ ಸಲ ಇಳೀತೀಯಲ್ಲ, ನೀರಿಗೆ ಬಿಟ್ಬುಟ್ಟು ನಮ್ಮಪ್ಪನ ಹೆಸ್ರು ಹಿಡಿದು ಒಂದ್ಸಲ ಕರೆದ್ಬುಡಪ್ಪ." ಹೆಸರನ್ನು ಕಿವಿಯಲ್ಲಿ ಹೇಳಿದಳು.

ಪಂಪು ಮೇಲೆ ಬಂದ ಮರುದಿನ ಮಧ್ಯಾಹ್ನ ಇಳಿದೆ. ಅಷ್ಟು ತಿಂಗಳಲ್ಲಿ ಮೊದಲ ಸಲ ಗಣಿ ನಿಶ್ಶಬ್ದವಾಗಿತ್ತು. ಆ ಸದ್ದನ್ನು ಎಷ್ಟು ಬೈದುಕೊಂಡಿದ್ದೆನೋ, ಈಗ ಅದಿಲ್ಲದೆ ಭಯವಾಯಿತು. ಮೂರನೆಯ ಅಂತಸ್ತಿನ ಅಂಚಿಗೆ ನೀರು ಆಗಲೇ ಏರಿ ಬಂದು ಬೂಟಿನ ತುದಿ ಮುಟ್ಟುತ್ತಿತ್ತು. ಎಲೆ ಬಿಚ್ಚಿ ರೇಕನ್ನು ಬಿಟ್ಟೆ. ದೀಪದ ಬೆಳಕಿನಲ್ಲಿ ಒಮ್ಮೆ ಹೊಳೆದು ಇಳಿದುಹೋಯಿತು. ಹೆಸರು ಹಿಡಿದು ಕರೆದೆ. ಸುರಂಗ ಆ ಹೆಸರನ್ನು ಎರಡು ಸಲ ಹೇಳಿ ಸುಮ್ಮನಾಯಿತು. ಕಾಣದ ಮನುಷ್ಯನಿಗಾಗಿ ನಾನು ಅಲ್ಲಿ ನಿಂತು ಅತ್ತೆ, ಸ್ವಲ್ಪ ನನಗಾಗಿಯೂ.

ಮೇಲೆ ಬಂದಾಗ ಅಜ್ಜಿ ಗಣಿಯ ಬಾಯಿಯ ಕಟಕಟೆ ಹಿಡಿದು ನಿಂತಿದ್ದಳು.

"ಕರೆದ್ಯೇನಪ್ಪ?"

"ಕರೆದೆ."

"ಏನಂದ?"

ಇಲ್ಲದ್ದನ್ನು ಹೇಳಲು ಬಾಯಿ ಬರಲಿಲ್ಲ. ಗೊತ್ತಿದ್ದದ್ದನ್ನೇ ಹೇಳಿದೆ. "ನೀರು ಏರ್ತಾ ಐತೆ ಅಜ್ಜಿ. ಮೊದ್ಲಿದ್ದಂಗೇ ತುಂಬ್ಕೊಂಡು, ಅಡ್ಡ ಸುರಂಗದ ಬಾಯಿಂದ ನಿನ್ನ ವಂಕಕ್ಕೆ ಹರೀತದೆ."

ಅವಳು ಹುಬ್ಬು ಗಂಟಿಕ್ಕಿದಳು. "ಅಯ್ದನೇ ಲೆವೆಲ್ ನೀರೂವೆ?"

"ಒಳಗೆಲ್ಲ ಒಂದೇ ನೀರು. ಕೆಳಗಿಂದಾನೇ ಬರೋದು."

"ಮೊದ್ಲೂ ಹಂಗೇ ಬರ್ತಿತ್ತಾ?"

"ಮೊದ್ಲಿಂದಾನೂ."

ಅವಳು ಕಂಕುಳಿನ ಮರಿಗೆಯನ್ನು ಕೆಳಗಿಳಿಸಿ, ಅದರ ಒಳಮೈಯನ್ನು ಅಂಗೈಯಿಂದ ಸವರಿದಳು. ಆ ನೀರಿನಲ್ಲಿ ಅವಳು ಹುಡುಗಿಯಾಗಿದ್ದಾಗಿನಿಂದ ಮರಿಗೆ ತೂಗಿದ್ದಳು, ಕಾಲು ತೊಳೆದಿದ್ದಳು, ಬೊಗಸೆಯಲ್ಲಿ ಎತ್ತಿ ಕುಡಿದಿದ್ದಳು. ಅದು ನನಗೂ ಆಗಲೇ ಹೊಳೆದದ್ದು.

"ಹಂಗಾರೆ ನಮ್ಮಪ್ಪ ದಿನಾ ಬರ್ತಿದ್ದ ಕಣಪ್ಪ," ಎಂದಳು. "ನೀನು ಬಂದು ನಿಲ್ಸಿದ್ದೆ."

ಮರಿಗೆಯನ್ನು ಎತ್ತಿಕೊಂಡು ಗುಡ್ಡದ ಬುಡದ ಕಡೆಗೆ ಇಳಿಯತೊಡಗಿದಳು. ಅಡ್ಡ ಸುರಂಗದ ಬಾಯಿ ಇನ್ನೂ ಒಣಗಿಯೇ ಇತ್ತು. "ಅಷ್ಟು ಬೇಗ ಬರಲ್ಲ ಅಜ್ಜಿ, ಆರು ತಿಂಗಳು ಬೇಕು," ಎಂದು ಕೂಗಿ ಹೇಳಿದೆ.

ಅವಳು ತಿರುಗಿ ನೋಡಲಿಲ್ಲ. "ಬರ್ಲಿ ಬಿಡು, ಕೂತಿರ್ತೀನಿ," ಎಂದಳು.